ಪ್ರಮಿಳಾ ಕಾಕು ಕೊಡದ ಹೆಪ್ಪು

ಏನೂ ಬೇಡದಿದ್ದರೂ ಫ್ರಿಜ್ಜಿನ ಬಾಗಿಲು ತೆಗೆದು ಅದರ ಮುಂದೆ ಸುಮ್ಮನೆ ನಿಲ್ಲುವ ಚಟ ನಿಮಗೂ ಇರಬಹುದು. ನನಗಂತೂ ಇದೆ. ಟಿವಿಯಲ್ಲಿ ಏನೋ ಬರುತ್ತಿದೆ ಅನ್ನುವ ಹಾಗೆ ನೋಡುತ್ತ ನಿಲ್ಲುತ್ತೇನೆ. ನಿನ್ನೆಯ ಹುಳಿ, ಅರ್ಧ ತೆಂಗಿನಕಾಯಿ, ನಮ್ಮವರು ತಂದು ಮರೆತ ಚೀಸು, ಕೊತ್ತಂಬರಿ ಸೊಪ್ಪಿನ ಡಬ್ಬಿ. ಈಗ ಇನ್ನೊಂದು ಸಾಮಾನು ಸೇರಿಕೊಂಡಿದೆ. ಮಧ್ಯದ ಅಂತಸ್ತಿನ ಕಂಬಿಗೆ ಮಗಳು ಒಂದು ಪುಟ್ಟ ಥರ್ಮಾಮೀಟರ್ ನೇತುಹಾಕಿ ಹೋಗಿದ್ದಾಳೆ. ಜ್ವರ ಬಂದರೆ ಮನುಷ್ಯರ ಕಂಕುಳಲ್ಲಿ ಅದನ್ನು ಇಡುವುದು ನನಗೆ ಗೊತ್ತಿತ್ತು. ಫ್ರಿಜ್ಜಿಗೂ ಜ್ವರ ಬರುತ್ತದೆ ಅಂತ ತಿಳಿದದ್ದು ಈ ಮಳೆಗಾಲದಲ್ಲಿ.

ಮಗಳು ಮೇಘಾ ನವಿ ಮುಂಬಯಿಯ ಒಂದು ತಿಂಡಿ ತಿನಿಸಿನ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದಾಳೆ. ಘಣಸೋಲಿಯಲ್ಲಿ ಗಂಡನ ಜೊತೆ ಸಂಸಾರ. ಮೊಸರಲ್ಲಿ ಕಲ್ಲು ಹುಡುಕುವುದು ಅಂತ ನಾವು ಬೈಯುವುದಕ್ಕೆ ಹೇಳುತ್ತೇವಲ್ಲ, ಅವಳಿಗೆ ಅದಕ್ಕೇ ಸಂಬಳ ಕೊಡುತ್ತಾರೆ. ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಾದ್ದರಿಂದ ನಾನು ಕನ್ನಡದಲ್ಲಿ ಕೇಳಿದರೆ ಅವಳು ಅರ್ಧ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. "ಅಮ್ಮಾ, ಫ್ರಿಜ್ ಬ್ಯಾಕ್ಟೀರಿಯಾನ ಮಾರ್ತಾ ನಹೀ. ಸಿರ್ಫ್ ಸುಲಾ ದೇತಾ ಹೈ" ಅನ್ನುತ್ತಾಳೆ. ಸಾಯಿಸುವುದಿಲ್ಲ, ಮಲಗಿಸುತ್ತದೆ, ಅಷ್ಟೆ. ಕೆಲವು ಮಲಗುವುದೂ ಇಲ್ಲವಂತೆ. ಲಿಸ್ಟೀರಿಯಾ ಅಂತ ಒಂದಿದೆಯಂತೆ, ಚಳಿಯಲ್ಲೇ ನಿಧಾನವಾಗಿ ಸಂಸಾರ ಬೆಳೆಸುತ್ತದಂತೆ. ಹೆಸರು ಕೇಳಿದರೆ ಪಕ್ಕದ ವಿಂಗಿಗೆ ಹೊಸದಾಗಿ ಬಾಡಿಗೆಗೆ ಬಂದ ಹೆಂಗಸಿನ ಹೆಸರಿದ್ದ ಹಾಗಿದೆ, ನೋಡಿ.

ನಮ್ಮ ಅತ್ತೆಯವರು ಇದ್ದಿದ್ದರೆ ಮೊಮ್ಮಗಳ ಮಾತು ಕೇಳಿ "ನಾನು ಇಷ್ಟು ವರ್ಷ ಬಡ್ಕೊಂಡಿದ್ದು ಇನ್ನೇನನ್ನೇ?" ಅನ್ನುತ್ತಿದ್ದರು. ಮೈಸೂರಿನ ಎಷ್ಟೋ ಮನೆಗಳ ಹಿರಿಯರ ಹಾಗೆ ಅವರೂ ಫ್ರಿಜ್ಜಿಗೆ ತಂಗಳು ಪೆಟ್ಟಿಗೆ ಅಂತಲೇ ಕರೆಯುತ್ತಿದ್ದರು. ಅದರ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ. "ಹಳಸಿದ್ದು ಹಳಸಿದೆ ಅಂತ ವಾಸನೆಯಲ್ಲಿ ಹೇಳುತ್ತೆ. ಅದು ಅನ್ನದ ಮರ್ಯಾದೆ. ಈ ಪೆಟ್ಟಿಗೆ ಅದರ ಬಾಯಿ ಕಟ್ಟಿಬಿಡುತ್ತೆ" ಅನ್ನುವುದು ಅವರ ತಕರಾರು. ಹಾಗಂತ ಡೊಂಬಿವಲಿಯ ಸೆಕೆಯಲ್ಲಿ ಫ್ರಿಜ್ಜಿಲ್ಲದೆ ಆಗುತ್ತದೆಯೇ? ನಾನು ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡಿಕೊಂಡು, ಲೋಕಲಿನಲ್ಲಿ ನಿಂತು, ಭಾಜಿ, ಅಂದರೆ ತರಕಾರಿ, ಕೊಂಡುಕೊಂಡು ಮನೆ ಸೇರುವ ಹೊತ್ತಿಗೆ ಅಡಿಗೆ ಮಾಡುವ ಚೈತನ್ಯ ಎಲ್ಲಿರುತ್ತಿತ್ತು? ಪೆಟ್ಟಿಗೆ ಬೇಕೇ ಬೇಕಿತ್ತು. ಕೊನೆಗೆ ಅತ್ತೆಯವರು ಅದರೊಂದಿಗೆ ಒಂದು ರಾಜಿ ಮಾಡಿಕೊಂಡರು. ಅದಕ್ಕೆ ಮುಸುರೆ ಕಲಿಸಿದರು.

ಮುಸುರೆ ಅಂದರೆ ಗೊತ್ತಲ್ಲ? ಅನ್ನ, ಸಾರು, ಹುಳಿ ಮುಟ್ಟಿದ ಕೈಯನ್ನು ತೊಳೆಯದೆ ಹಾಲು, ಮೊಸರು, ತುಪ್ಪ, ಉಪ್ಪು ಮುಟ್ಟುವ ಹಾಗಿಲ್ಲ. ನಮ್ಮ ಫ್ರಿಜ್ಜಿನಲ್ಲಿ ಮೇಲಿನ ಅಂತಸ್ತು ಹಾಲು, ಮೊಸರು, ಬೆಣ್ಣೆಗೆ. ಬೆಂದದ್ದು ನಡುವಿನದರಲ್ಲಿ. ತೊಳೆಯದ ತರಕಾರಿ ತಳದ ಡಬ್ಬದಲ್ಲಿ. ಸಾರಿನ ಪಾತ್ರೆ ಮುಟ್ಟಿದ ಕೈಯಲ್ಲಿ ನಾನು ಮೊಸರಿನ ಬಟ್ಟಲಿಗೆ ಕೈ ಹಾಕಿದರೆ ದೇವರ ಮನೆಯಿಂದಲೇ "ಶೈಲಾ, ಕೈ!" ಅಂತ ಕೂಗು ಬರುತ್ತಿತ್ತು. ಅವರಿಗೆ ಹೇಗೆ ಗೊತ್ತಾಗುತ್ತಿತ್ತೋ, ಆ ಭಗವಂತನಿಗೇ ಗೊತ್ತು. ಒಳಗೊಳಗೇ ಕುದಿಯುತ್ತ ಕೈ ತೊಳೆಯುತ್ತಿದ್ದೆ. ಈಗ ಮಗಳು ಬಂದು ಅದೇ ಫ್ರಿಜ್ಜಿನ ಮುಂದೆ ನಿಂತು, ಹಸಿಯದು ಕೆಳಗೆ, ಬೆಂದದ್ದು ಮೇಲೆ, ಮಧ್ಯೆ ಕೈ ತೊಳಿ ಅಂತ ಪಾಠ ಮಾಡುತ್ತಾಳೆ. ಅವಳದಕ್ಕೆ ಇಂಗ್ಲಿಷಿನಲ್ಲಿ ಉದ್ದದ ಹೆಸರಿದೆ. ಅತ್ತೆ ಮತ್ತು ಮಗಳ ನಡುವೆ ನಾನು ಜೀವಮಾನವಿಡೀ ಕೈ ತೊಳೆದೆ.

ನನ್ನ ತವರು ಕೂಡ ಮೈಸೂರೇ. ನಾವು ಚಿಕ್ಕವರಿದ್ದಾಗ ಮನೆಯಲ್ಲಿ ಫ್ರಿಜ್ಜು ಅನ್ನುವ ಮಾತೇ ಇರಲಿಲ್ಲ. ಅಡಿಗೆಮನೆಯ ಮೂಲೆಯಲ್ಲಿ ಜಾಲರಿ ಬೀರು, ತೊಲೆಯಿಂದ ಇಳಿಬಿದ್ದ ನೆಲುವು. ನೆಲುವಿನಲ್ಲಿ ಬೆಣ್ಣೆ, ಅದರ ಕೆಳಗೆ ಪಕ್ಕದ ಮನೆಯ ಬೆಕ್ಕು, ಬೆಕ್ಕಿನ ಪಕ್ಕದಲ್ಲಿ ನಾನು. ಇಬ್ಬರೂ ಕತ್ತೆತ್ತಿಕೊಂಡು ಕೂತಿರುತ್ತಿದ್ದೆವು. ಸಂಜೆಗೆ ಅಮ್ಮ ಸಾರನ್ನು ಮತ್ತೊಮ್ಮೆ ಮರಳಿಸಿ, ಮುಚ್ಚಳವನ್ನು ಓರೆಯಾಗಿ ಮುಚ್ಚಿ ಇಡುತ್ತಿದ್ದಳು. ಬೆಳಿಗ್ಗೆ ಸೌಟಿನಲ್ಲಿ ಎತ್ತಿ ನೋಡಿ, ಹುಳಿ ನೂಲು ಬಿಟ್ಟಿದ್ದರೆ ಮಾತಿಲ್ಲದೆ ಹೊರಗೆ. ಉಪ್ಪಿನಕಾಯಿ ಜಾಡಿಗೆ ಒದ್ದೆ ಕೈ ಹಾಕಿದವರಿಗೆ ಮನೆಯಲ್ಲಿ ಕ್ಷಮೆ ಇರಲಿಲ್ಲ; ಬೂಷ್ಟು ಬಂದರೆ ವರ್ಷದ ಕೊನೆಯವರೆಗೂ ಅವರ ಹೆಸರು ಹೇಳಿಕೊಂಡೇ ಊಟ. ಆ ಜಾಡಿಯ ಬಾಯಿಗೆ ಕಟ್ಟಿದ ಬಿಳಿ ಬಟ್ಟೆಯ ವಾಸನೆ ಈಗಲೂ ಒಮ್ಮೊಮ್ಮೆ, ಕಲ್ಯಾಣದ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗ, ಎಲ್ಲಿಂದಲೋ ಬಂದು ಹೋಗುತ್ತದೆ. ಎಲ್ಲಿಂದ ಅಂತ ತಿರುಗಿ ನೋಡುತ್ತೇನೆ. ಯಾರೋ ವಡಾಪಾವ್ ತಿನ್ನುತ್ತಿರುತ್ತಾರೆ.

ಎಲ್ಲಿಂದ ಎಲ್ಲಿಗೋ ಹೋದೆ. ನಾನು ಹೇಳಲು ಹೊರಟದ್ದು ಹೆಪ್ಪಿನ ವಿಷಯ.

ಮಾವನವರು ಹೋದ ಮೇಲೆ ಅತ್ತೆಯವರು ಮೈಸೂರಿನ ಬಾಡಿಗೆ ಮನೆ ಬಿಟ್ಟು ನಮ್ಮ ಜೊತೆ ಇರಲು ಡೊಂಬಿವಲಿಗೆ ಬಂದರು. ಮೇಘಾ ಆಗ ಇನ್ನೂ ಶಾಲೆಗೆ ಹೋಗುವ ಮಗು. ಪಾತ್ರೆ ಪಡಗ ಎಲ್ಲವನ್ನೂ ಅವರಿವರಿಗೆ ಹಂಚಿಬಿಟ್ಟಿದ್ದರು. ಹೊರಡುವ ಮುಂಚೆ ಮಗನಿಗೆ ಫೋನಿನಲ್ಲಿ ಹೇಳಿದ್ದರಂತೆ: "ನಂಗೆ ಅಲ್ಲಿಯ ಪ್ಯಾಕೆಟ್ ಮೊಸರು ಆಗೋದಿಲ್ಲಪ್ಪ. ಹೆಪ್ಪು ತರ್ತೀನಿ. ನಮ್ಮತ್ತೆ ಕಾಲದ್ದು." ಹಾಗೆ ಒಂದು ಹಿತ್ತಾಳೆಯ ಪುಟ್ಟ ಡಬ್ಬಿಯಲ್ಲಿ, ಒಂದು ಮನೆಯಲ್ಲಿ ಉಳಿದದ್ದೆಲ್ಲ ಇದೇ ಅನ್ನುವ ಹಾಗೆ, ಅದನ್ನು ಮಡಿಲಲ್ಲಿ ಇಟ್ಟುಕೊಂಡು ಇಡೀ ಹಗಲು ಇಡೀ ರಾತ್ರಿ ರೈಲಿನಲ್ಲಿ ಬಂದರು. ಬಂದ ಮಾರನೆಯ ದಿನವೇ ನಮ್ಮ ಊಟದ ಮೇಜಿನ ಮೇಲೆ ಗಟ್ಟಿ ಮೊಸರು! ಬಟ್ಟಲು ಬೋರಲು ಹಾಕಿದರೂ ಬೀಳದಂಥದ್ದು. ಹುಳಿಯೂ ಅಲ್ಲ, ಸಪ್ಪೆಯೂ ಅಲ್ಲ. "ನೋಡು, ಇದು ಮೈಸೂರು ಮೊಸರು" ಅಂದರು ನನಗೆ, ನಾನೇನೋ ಚಂದ್ರಲೋಕದಿಂದ ಬಂದವಳ ಹಾಗೆ.

ಆಮೇಲೆ ಅದೊಂದು ಪುರಾಣವೇ ಆಗಿಹೋಯಿತು. ಮನೆಗೆ ಯಾರೇ ಬಂದರೂ ಅತ್ತೆಯವರು ಮೊಸರನ್ನ ಬಡಿಸುವಾಗ ಹೆಪ್ಪಿನ ವಂಶಾವಳಿ ಹೇಳುತ್ತಿದ್ದರು. ರಾತ್ರಿ ಊಟವಾದ ಮೇಲೆ ಹಾಲಿಗೆ ಕಿರುಬೆರಳು ಅದ್ದಿ ಬಿಸಿ ನೋಡಿ, ಹೆಪ್ಪು ಹಾಕಿ, ಒಂದು ಪುಟ್ಟ ಸ್ಟೀಲಿನ ಬಟ್ಟಲಿನಲ್ಲಿ ಮಾರನೆಯ ದಿನದ ಹೆಪ್ಪನ್ನು ಬೇರೆ ತೆಗೆದು, ತಂಗಳು ಪೆಟ್ಟಿಗೆಯ ಮೇಲಿನ ಅಂತಸ್ತಿನ ಎಡಮೂಲೆಯಲ್ಲಿ ಇಡುತ್ತಿದ್ದರು. ಆ ಮೂಲೆಗೆ ಯಾರೂ ಕೈ ಹಾಕುವಂತಿರಲಿಲ್ಲ. ಒಂದು ಸಲ ನಮ್ಮವರು ಹಸಿವಿಗೆ ತಡೆಯದೆ ಆ ಬಟ್ಟಲಿನಿಂದಲೇ ಒಂದು ಚಮಚ ಬಾಯಿಗೆ ಹಾಕಿಕೊಂಡರು. ಅತ್ತೆಯವರು ಸಂಜೆವರೆಗೆ ಮಗನ ಜೊತೆ ಮಾತಾಡಲಿಲ್ಲ.

ಎದುರು ಮನೆ ಪ್ರಮಿಳಾ ಕಾಕುವಿನದು. ಮರಾಠಿಯಲ್ಲಿ ಕಾಕು ಅಂದರೆ ಚಿಕ್ಕಮ್ಮ. ನಮ್ಮ ಬಾಗಿಲು ತೆಗೆದರೆ ಅವರ ಬಾಗಿಲು. ಮಧ್ಯೆ ನಾಲ್ಕು ಹೆಜ್ಜೆಯ ಜಾಗ, ಮೆಟ್ಟಿಲಿನ ಕಿಟಕಿ. ಅತ್ತೆಯವರಿಗೆ ಮರಾಠಿ ಬರುತ್ತಿರಲಿಲ್ಲ, ಕಾಕುವಿಗೆ ಕನ್ನಡ ಬರುತ್ತಿರಲಿಲ್ಲ. ಇದರಿಂದ ಇಬ್ಬರಿಗೂ ಏನೂ ತೊಂದರೆಯಾಗಲಿಲ್ಲ. ಇವರು ಕನ್ನಡದಲ್ಲಿ ಸೊಸೆಯ ಮೇಲೆ ದೂರು ಹೇಳಿದರೆ ಅವರು ಮರಾಠಿಯಲ್ಲಿ ತಮ್ಮ ಗಂಡನ ಮಧುಮೇಹದ ವಿಷಯ ಹೇಳುತ್ತಿದ್ದರು. ಇಬ್ಬರೂ ಸರಿಯಾದ ಜಾಗದಲ್ಲಿ ಅಯ್ಯೋ ಅನ್ನುತ್ತಿದ್ದರು. ಕಾಕು ಅತ್ತೆಯವರನ್ನು ಅಕ್ಕಾ ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ಹೆಪ್ಪು ಮುಗಿದರೆ ಅಲ್ಲಿಂದ, ಅವರ ಮನೆಯಲ್ಲಿ ಮುಗಿದರೆ ಇಲ್ಲಿಂದ. ಅವರ ಭಾಷೆಯಲ್ಲಿ ಅದು ವಿರಜಣ. ವರ್ಷದಲ್ಲಿ ಎಷ್ಟು ಸಲ ಅದು ಆ ನಾಲ್ಕು ಹೆಜ್ಜೆ ದಾಟುತ್ತಿತ್ತೋ ಲೆಕ್ಕ ಇಟ್ಟವರಿಲ್ಲ. ಒಂದೇ ಒಂದು ಕಟ್ಟುಪಾಡು. ದೀಪ ಹಚ್ಚಿದ ಮೇಲೆ ಕೊಡುವ ಹಾಗಿಲ್ಲ. ಸಂಜೆ ದೀಪ ಹಚ್ಚಿದ ಮನೆಯಿಂದ ಹಾಲು, ಮೊಸರು, ಹೆಪ್ಪು, ಉಪ್ಪು ಹೊರಗೆ ಹೋದರೆ ಲಕ್ಷ್ಮಿಯೂ ಹಿಂದೆಯೇ ಹೋಗುತ್ತಾಳೆ ಅಂತ ನಮ್ಮಲ್ಲೂ ಹೇಳುತ್ತಾರೆ, ಅವರಲ್ಲೂ ಹೇಳುತ್ತಾರೆ. ಈ ಒಂದು ವಿಷಯದಲ್ಲಿ ಕರ್ನಾಟಕ ಮಹಾರಾಷ್ಟ್ರದ ನಡುವೆ ತಕರಾರೇ ಇಲ್ಲ.

ಅತ್ತೆಯವರು ಹೋಗಿ ಕೆಲವು ವರ್ಷವಾಯಿತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಬಂತಲ್ಲ, ಇನ್ನು ಫ್ರಿಜ್ಜಿನ ಯಾವ ಮೂಲೆಯಲ್ಲಿ ಬೇಕಾದರೂ ಏನು ಬೇಕಾದರೂ ಇಡಬಹುದು ಅಂದುಕೊಂಡಿದ್ದೆ. ಮೊದಲ ರಾತ್ರಿಯೇ ಹಾಲಿಗೆ ಕಿರುಬೆರಳು ಅದ್ದಿ ನೋಡಿ, ಹೆಪ್ಪು ಹಾಕಿ, ಬಟ್ಟಲನ್ನು ಎಡಮೂಲೆಯಲ್ಲಿ ಇಟ್ಟೆ. ಇಟ್ಟು ಬಾಗಿಲು ಮುಚ್ಚಿ ಅಲ್ಲೇ ನಿಂತು ಅತ್ತುಬಿಟ್ಟೆ. ಜಗಳವಾಡಲು ಜನ ಇಲ್ಲದ ಅಡಿಗೆಮನೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಅಂತ ಆವತ್ತು ಗೊತ್ತಾಯಿತು. ಆಮೇಲೆ ಪ್ರತಿ ರಾತ್ರಿ ಆ ಬಟ್ಟಲು ತೆಗೆಯುವಾಗ ಅವರು ಇದ್ದಾರೆ ಅನ್ನಿಸುತ್ತಿತ್ತು. ಫೋಟೋದಲ್ಲಿರುವ ಅತ್ತೆಯವರಿಗಿಂತ ಬಟ್ಟಲಲ್ಲಿದ್ದ ಅತ್ತೆಯವರು ನನಗೆ ಹತ್ತಿರ. ಹೀಗೆ ಹೇಳಿದರೆ ನೀವು ನಗುತ್ತೀರಿ, ನಗಿ. ಮೊಸರು ಜೀವ ಇರುವ ಪದಾರ್ಥ ಅಂತ ಮಗಳೂ ಒಪ್ಪುತ್ತಾಳೆ. ಅದರಲ್ಲಿರುವುದೂ ಬ್ಯಾಕ್ಟೀರಿಯಾಗಳೇ, ಒಳ್ಳೆಯವು ಅಂತಾಳೆ. ನಾನು ಅಷ್ಟನ್ನೇ ಹಿಡಿದುಕೊಂಡೆ.

ಹೋದ ವರ್ಷ ನಮ್ಮ ಹಳೆಯ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಯಿತು. ಹೊಸದು ಏಳುವವರೆಗೆ ಎಲ್ಲರೂ ಒಂದೊಂದು ಕಡೆ. ನಾವು ಕಲ್ಯಾಣದಲ್ಲಿ ಬಾಡಿಗೆಗೆ. ಕಾಕು ಅಂಬರನಾಥದಲ್ಲಿ ಮಗನ ಮನೆಗೆ. ಕೊನೆಯ ದಿನ ಟೆಂಪೋದಲ್ಲಿ ಸಾಮಾನು ಏರಿಸುವಾಗ ನಾನು ಹೆಪ್ಪಿನ ಬಟ್ಟಲನ್ನು ಮಾತ್ರ ಕೈಯಲ್ಲಿ ಹಿಡಿದುಕೊಂಡು ಮುಂದಿನ ಸೀಟಿನಲ್ಲಿ ಕೂತೆ. ನಮ್ಮವರು "ಗಣಪತಿ ತಗೊಂಡು ಹೋಗೋ ಹಾಗೆ ಕೂತಿದ್ದೀಯಲ್ಲೇ" ಅಂತ ರೇಗಿಸಿದರು. ಕಾಕು ತಮ್ಮ ಟೆಂಪೋದಿಂದ ಕೈ ಬೀಸಿದರು. ಕಲ್ಯಾಣಕ್ಕೂ ಅಂಬರನಾಥಕ್ಕೂ ಎಷ್ಟು ದೂರ? ನಡುವೆ ಎರಡು ಮೂರು ಸ್ಟೇಷನ್ನು. ಆಗಾಗ ಬರ್ತೀನಿ ಕಾಕು, ಅಂದಿದ್ದೆ. ಹೋಗಲೇ ಇಲ್ಲ. ನಾಲ್ಕು ಹೆಜ್ಜೆ ದಾಟುವುದಕ್ಕೆ ಕಾರಣ ಬೇಕಿರಲಿಲ್ಲ, ಲೋಕಲ್ ಹತ್ತುವುದಕ್ಕೆ ಕಾರಣ ಬೇಕು.

ಈ ಮಳೆಗಾಲದಲ್ಲಿ ಆ ಕಾರಣ ಸಿಕ್ಕಿತು. ಒಂದು ಶನಿವಾರ ಮಗಳ ಮನೆಗೆ ಅಂತ ಘಣಸೋಲಿಗೆ ಹೋದೆವು. ಮಳೆ ಹಿಡಿಯಿತು ನೋಡಿ, ಹಳಿಗಳ ಮೇಲೆ ನೀರು ನಿಂತು ಲೋಕಲುಗಳೆಲ್ಲ ಬಂದ್. ಅಲ್ಲೇ ಸಿಕ್ಕಿಹಾಕಿಕೊಂಡೆವು. ನೀರು ಇಳಿದ ಮೇಲೆ ಮೇಘಾಳನ್ನೂ ಕರೆದುಕೊಂಡು ಕಲ್ಯಾಣದ ಮನೆಯ ಬಾಗಿಲು ತೆಗೆದರೆ ಕಮಟು ವಾಸನೆ. ಅಡಿಗೆಮನೆಯಲ್ಲಿ ನೀರು. ನಾವಿಲ್ಲದ ಹೊತ್ತಿನಲ್ಲಿ ಮೇನ್ ಸ್ವಿಚ್ಚು ಬಿದ್ದು, ಇಡೀ ಬಿಲ್ಡಿಂಗಿಗೆ ಕರೆಂಟಿದ್ದರೂ ನಮ್ಮ ಮನೆಗೆ ಇರಲಿಲ್ಲ. ಫ್ರಿಜ್ಜು ಕರಗಿ ಬೆಚ್ಚಗಾಗಿ, ಒಳಗೆ ಬ್ಯಾಕ್ಟೀರಿಯಾಗಳ ಮದುವೆ ಮನೆ.

ಮೇಘಾ ಕೈಗವಸು ಹಾಕಿಕೊಂಡು ನಿಂತಳು. ನಾನು ಬೇಡ ಬೇಡ ಅನ್ನುತ್ತಿದ್ದ ಹಾಗೇ ಹುಳಿ, ಗೊಜ್ಜು, ರುಬ್ಬಿದ ಹಿಟ್ಟು, ಚೀಸು ಎಲ್ಲ ಕಪ್ಪು ಚೀಲಕ್ಕೆ ಹೋದವು. "ಅಮ್ಮಾ, ಮೂಸಿ ನೋಡ್ಬೇಡ. ಕೆಟ್ಟಿರೋದೆಲ್ಲ ವಾಸನೆ ಬರಲ್ಲ" ಅಂದಳು. ಕೊನೆಗೆ ಎಡಮೂಲೆಯ ಬಟ್ಟಲಿಗೆ ಕೈ ಹಾಕಿದಳು. ನಾನು ಅವಳ ಮೊಣಕೈ ಹಿಡಿದುಕೊಂಡೆ.

"ಅದೊಂದು ಬಿಡೇ. ಅದು ಮೊಸರು, ಹುಳಿ ಬಂದಿರುತ್ತೆ ಅಷ್ಟೆ. ಒಂದು ಚಮಚ ಉಳಿದಿದ್ರೂ ಸಾಕು, ಹಾಲಿಗೆ ಹಾಕಿದ್ರೆ ಎದ್ದುಬರುತ್ತೆ."

ಅವಳು ಮುಚ್ಚಳ ತೆಗೆದು ನನಗೆ ತೋರಿಸಿದಳು. ಮೊಸರಿನ ಮೇಲೆ ಅಲ್ಲಲ್ಲಿ ತಿಳಿ ಗುಲಾಬಿ ಬಣ್ಣ. ನೋಡಲು ಚೆನ್ನಾಗಿಯೇ ಇತ್ತು, ಅದೇ ಸಂಕಟ. "ಯೇ ಪಿಂಕ್ ದೇಖೋ" ಅಂದಳು. ಆಮೇಲೆ ಹಿಂದಿ ಬಿಟ್ಟು, ನಿಧಾನವಾಗಿ, ತಡವರಿಸಿಕೊಂಡು ಪೂರ್ತಿ ಕನ್ನಡದಲ್ಲಿ ಹೇಳಿದಳು: "ಅಮ್ಮ, ಇದರಲ್ಲಿ ಅಜ್ಜಿದು ಏನೂ ಉಳಿದಿಲ್ಲ. ಬೇರೆ ಯಾರೋ ಬಂದು ಕೂತಿದ್ದಾರೆ." ಅವಳ ಕಣ್ಣಲ್ಲೂ ನೀರಿತ್ತು. ನಾನು ಮೊಣಕೈ ಬಿಟ್ಟೆ. ನಮ್ಮವರು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದವರು ತಿರುಗಿ ಹೊರಗೆ ಹೋಗಿ ಚಪ್ಪಲಿಗಳನ್ನು ಜೋಡಿಸತೊಡಗಿದರು.

ಒಂದು ವಾರ ಪ್ಯಾಕೆಟ್ ಮೊಸರು ತಿಂದೆವು. ಕೆಟ್ಟದ್ದೇನಲ್ಲ. ತಿನ್ನಬಹುದು. ನಮ್ಮವರು ಅನ್ನಕ್ಕೆ ಕಲಸಿಕೊಂಡು ತಟ್ಟೆಯನ್ನೇ ನೋಡುತ್ತ ಕೂತಿರುತ್ತಿದ್ದರು. ಆಗ ನನಗೆ ಥಟ್ಟನೆ ಹೊಳೆಯಿತು. ಅಯ್ಯೋ ನನ್ನ ಮಂಕು ತಲೆಯೇ! ಅತ್ತೆಯವರ ಹೆಪ್ಪು ಕಾಕುವಿನ ಮನೆಯಲ್ಲಿದೆಯಲ್ಲ! ಎಷ್ಟು ಸಲ ನಮ್ಮಿಂದ ಅಲ್ಲಿಗೆ ಹೋಗಿಲ್ಲ? ಮಗಳಿಗೆ ಫೋನ್ ಮಾಡಿದೆ. ಅವಳಿಗೆ ನನಗಿಂತ ಹೆಚ್ಚು ಖುಷಿ. "ಐಸ್ ಪ್ಯಾಕ್ ತಗೊಂಡು ಹೋಗು, ಟ್ರೇನಲ್ಲಿ ಗರಮ್ ಆಗಬಾರದು" ಅಂತ ಉಪದೇಶ ಮಾಡಿದಳು. ಐಸ್ ಪ್ಯಾಕು, ತೊಳೆದು ಒಣಗಿಸಿದ ಡಬ್ಬಿ ಎಲ್ಲ ಚೀಲದಲ್ಲಿಟ್ಟುಕೊಂಡು, ಮಧ್ಯಾಹ್ನದ ಊಟ ಮುಗಿಸಿ ಅಂಬರನಾಥದ ಲೋಕಲ್ ಹತ್ತಿದೆ.

ಕಾಕು ಬಾಗಿಲು ತೆಗೆದವರು ನನ್ನನ್ನು ನೋಡಿ "ಅಗ ಬಾಈ! ಶೈಲಾ! ನೀನಾ!" ಅಂತ ಎರಡೂ ಕೆನ್ನೆ ಹಿಡಿದುಕೊಂಡರು. ಇಳಿದುಹೋಗಿದ್ದರು. ಮಗ ಕಾರ್ಖಾನೆಗೆ ಹೋಗಿದ್ದ. ಸೊಸೆ ಒಳ್ಳೆಯವಳು, ಚಹಾ ಮಾಡಿಕೊಟ್ಟು ಒಳಗೆ ಲ್ಯಾಪ್‌ಟಾಪಿನ ಮುಂದೆ ಕೂತಳು. ನಾವು ಮಾತಿಗೆ ಕೂತೆವು. ಹೊಸ ಬಿಲ್ಡಿಂಗಿನ ಪಾಯ ಎಲ್ಲಿಗೆ ಬಂತು, ಕೆಳಗಿನ ಮನೆಯವರು ಎಲ್ಲಿಗೆ ಹೋದರು, ಮಂಡಿನೋವಿಗೆ ಯಾವ ಎಣ್ಣೆ. ಒಂದು ಚಮಚ ಮೊಸರಿಗಾಗಿ ರೈಲು ಹತ್ತಿ ಬಂದೆ ಅನ್ನಲು ನನಗೆ ನಾಚಿಕೆ. ಮಜ್ಜಿಗೆಗೆ ಬಂದವಳು ಚೊಂಬು ಬಚ್ಚಿಟ್ಟುಕೊಂಡಳಂತೆ ಅನ್ನುವ ಹಾಗೆ ಚೀಲದ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದೆ. ಎರಡನೆಯ ಚಹಾ ಮುಗಿಯುವ ಹೊತ್ತಿಗೆ ಒಳಗಿನ ಐಸು ಕರಗಿ ಸೀರೆ ಒದ್ದೆಯಾಯಿತು.

ಹೇಳಿದೆ. ಕರೆಂಟು ಹೋದದ್ದು, ಗುಲಾಬಿ ಬಣ್ಣ, ಎಲ್ಲ. "ಅತ್ತೆಯವರ ಹೆಪ್ಪು ನಿಮ್ಮ ಹತ್ರ ಮಾತ್ರ ಉಳಿದಿದೆ ಕಾಕು. ಅವರ ಅತ್ತೆಯ ಕಾಲದ್ದು, ಮೈಸೂರಿನದು" ಅಂದೆ.

ಕಾಕು ನಗಲಿಲ್ಲ. ಕಪ್ಪನ್ನು ಕೆಳಗಿಟ್ಟರು. ಆಮೇಲೆ ಹೇಳಿದರು. ನಾವು ಮಾತಾಡಿದ್ದೆಲ್ಲ ಮರಾಠಿಯಲ್ಲಿ, ನಿಮಗೆ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಶೈಲಾ, ಮೈಸೂರಿನದು ಡೊಂಬಿವಲಿಗೆ ಬರಲೇ ಇಲ್ಲ. ರೈಲಲ್ಲೇ ಹೋಗಿಬಿಟ್ಟಿತ್ತು. ಬೇಸಿಗೆ ಬೇರೆ. ಅಕ್ಕ ಬಂದ ದಿನ ಅವರನ್ನು ಮನೆಗೆ ಬಿಟ್ಟು ನೀವಿಬ್ಬರೂ ಆಫೀಸಿಗೆ ಹೋಗಿದ್ದಿರಿ. ಸಂಜೆ ನಾನು ಆಗಷ್ಟೇ ದೀಪ ಹಚ್ಚಿದ್ದೆ. ಬಾಗಿಲು ಬಡಿದ ಸದ್ದು. ತೆಗೆದು ನೋಡಿದರೆ ಯಾರೋ ಗುರುತಿಲ್ಲದ ಹೆಂಗಸು ಕೈಯಲ್ಲಿ ಹಿತ್ತಾಳೆ ಡಬ್ಬಿ ಹಿಡಿದುಕೊಂಡು ಅಳುತ್ತಿದ್ದಾರೆ. ಏನು ಹೇಳುತ್ತಿದ್ದಾರೆ ಅಂತ ಒಂದಕ್ಷರ ತಿಳಿಯಲಿಲ್ಲ. ಯಾರೋ ತೀರಿಕೊಂಡಿದ್ದಾರೆ ಅಂದುಕೊಂಡೆ. ಆಮೇಲೆ ಡಬ್ಬಿ ತೆಗೆದು ತೋರಿಸಿದರು. ಬೂಷ್ಟು ಹಿಡಿದು, ನೀರು ಬಿಟ್ಟುಕೊಂಡು, ಅದರ ವಾಸನೆಯೋ, ದೇವರೇ."

"ಆಮೇಲೆ?"

"ಆಮೇಲೇನು, ನಾನು ದೇವರ ಗೂಡಿನ ಕಡೆ ತಿರುಗಿ ದೀಪ ತೋರಿಸಿದೆ. ದೀಪ ಹಚ್ಚಾಗಿದೆ, ಹೇಗೆ ಕೊಡಲಿ? ಅವರಿಗೂ ಗೊತ್ತಿತ್ತು, ತಲೆ ಆಡಿಸಿದರು. ಆದರೆ ಹೋಗಲಿಲ್ಲ. ಅಲ್ಲೇ ನಿಂತಿದ್ದರು. ಒಳಗೆ ಹೋಗಿ ಒಂದು ವಾಟಿಯಲ್ಲಿ ವಿರಜಣ ಹಾಕಿ ತಂದು ಮೆಟ್ಟಿಲಿನ ಕಿಟಕಿಯ ಮೇಲೆ ಇಟ್ಟೆ. ಇಟ್ಟು, ಮರೆತವಳ ಹಾಗೆ ಬಾಗಿಲು ಹಾಕಿಕೊಂಡೆ. ನಾನು ಕೊಡಲಿಲ್ಲ, ಅವರು ಇಸಕೊಳ್ಳಲಿಲ್ಲ. ಬಾಗಿಲ ಸಂದಿಯಿಂದ ನೋಡಿದೆ. ಅಕ್ಕ ಆ ಕಡೆ ಈ ಕಡೆ ನೋಡಿ, ವಾಟಿ ತೆಗೆದು ಸೆರಗಿನೊಳಗೆ ಮುಚ್ಚಿಕೊಂಡು ಓಡಿದರು."

ಮಾರನೆಯ ದಿನ ನಮ್ಮ ಮೇಜಿನ ಮೇಲೆ ಮೈಸೂರು ಮೊಸರು!

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಹಾಗಾದರೆ ಇಷ್ಟು ವರ್ಷ ಆ ಎಡಮೂಲೆಯಲ್ಲಿ ಇದ್ದದ್ದು ಯಾರು? ನಾನು ಅತ್ತದ್ದು ಯಾರಿಗೆ? ಕೇಳಿಯೂಬಿಟ್ಟೆ: "ಹಾಗಾದ್ರೆ ಅದು ಅತ್ತೆದು ಅಲ್ಲವೇ ಅಲ್ವಾ ಕಾಕು?"

ಕಾಕು ಬೈದರು. "ವೇಡಿ! ಹುಚ್ಚಿ! ನಾನು ಇಟ್ಟದ್ದು ಒಂದು ಚಮಚ. ಅವತ್ತಿಂದ ದಿನಾ ರಾತ್ರಿ ಹಾಲಿಗೆ ಬೆರಳು ಅದ್ದಿದವರು ಯಾರು? ನನ್ನದು ತಾನೇ ಯಾವ ದೊಡ್ಡ ಮನೆತನದ್ದು? ಲಗ್ನವಾಗಿ ಬಂದಾಗ ಕೆಳಗಿನ ಗುಜರಾತಿ ಬೇನ್ ಕೊಟ್ಟದ್ದು. ಎಷ್ಟು ಸಲ ನನ್ನದು ಕೆಟ್ಟುಹೋಗಿ ಅಕ್ಕನ ಹತ್ತಿರ ಇಸಕೊಂಡಿಲ್ಲ?" ಅಂದವರು ಧ್ವನಿ ಇಳಿಸಿದರು. "ಯಾರಿಗೂ ಹೇಳಬೇಡ ಅಂತ ಕೈ ಮುಗಿದಿದ್ದರು. ಇವತ್ತಿನವರೆಗೆ ಹೇಳಿರಲಿಲ್ಲ. ನೀನು ಹಾಗೆ ಮುಖ ಮಾಡಿಕೊಂಡು ಬಂದೆಯಲ್ಲ, ಅಕ್ಕನೇ ಬಂದು ನಿಂತ ಹಾಗಾಯಿತು. ಶೈಲಾ, ಇಲ್ಲಿ ಯಾರೂ ಬಾಗಿಲು ಬಡಿಯುವುದಿಲ್ಲ ನೋಡು. ಎಲ್ಲರಿಗೂ ಮೊಬೈಲಿನಲ್ಲೇ ದಹಿ ಬರುತ್ತದೆ. ಯಾರ ಮನೆಯಲ್ಲೂ ವಿರಜಣ ಮುಗಿಯುವುದೇ ಇಲ್ಲ."

ಅತ್ತೆಯವರು ಬಂದ ಆ ಮೊದಲ ಸಂಜೆಯನ್ನು ನಾನು ನೆನೆದೆ. ಗಂಡ ಹೋಗಿ, ಮನೆ ಹೋಗಿ, ಉಳಿದ ಒಂದು ಡಬ್ಬಿಯೂ ಕೆಟ್ಟು, ಭಾಷೆ ಬಾರದ ಊರಿನಲ್ಲಿ ಅಪರಿಚಿತರ ಬಾಗಿಲಲ್ಲಿ ನಿಂತವರು. ಮಾರನೆಯ ದಿನ ನನ್ನ ಮುಂದೆ ಎಂಥ ಜಂಬದಲ್ಲಿ ಬಟ್ಟಲು ಇಟ್ಟಿದ್ದರು! ಈಗ ಇದ್ದಿದ್ದರೆ, ಒಂದೇ ಒಂದು ಸಲ ಅವರ ಕೈ ಹಿಡಿದುಕೊಂಡು, ಮೈಸೂರು ಮೊಸರು ತುಂಬ ಚೆನ್ನಾಗಿದೆ ಅತ್ತೆ, ಅನ್ನುತ್ತಿದ್ದೆ. ಆಗ ಒಂದು ದಿನವೂ ಅಂದವಳಲ್ಲ ನಾನು.

ಅಷ್ಟರಲ್ಲಿ ಒಳಗೆ ಕಡ್ಡಿ ಗೀರಿದ ಸದ್ದು. ಕಾಕುವಿನ ಸೊಸೆ ದೇವರಿಗೆ ದೀಪ ಹಚ್ಚಿದ್ದಳು. ಊದಿನಕಡ್ಡಿಯ ಹೊಗೆ ಹೊರಗೆ ಬಂತು. ನಾನು ಚೀಲದಿಂದ ಅರ್ಧ ಹೊರಗೆ ತೆಗೆದಿದ್ದ ಖಾಲಿ ಡಬ್ಬಿಯನ್ನು ಕಾಕು ನೋಡಿದರು, ದೀಪ ನೋಡಿದರು. ನಾನೂ ನೋಡಿದೆ. "ಇರಲಿ ಬಿಡಿ ಕಾಕು, ಇನ್ನೊಂದು ದಿನ ಬೆಳಿಗ್ಗೆ ಬರ್ತೀನಿ" ಅಂದೆ. ಬರುತ್ತೇನೋ ಇಲ್ಲವೋ, ನನಗೇ ನಂಬಿಕೆ ಇರಲಿಲ್ಲ.

"ತಡಿ, ನಾನೂ ಸ್ಟೇಷನ್ನಿನವರೆಗೆ ಬರುತ್ತೇನೆ. ಭಾಜಿ ತರಬೇಕು" ಅಂದರು ಕಾಕು. ಒಳಗೆ ಹೋಗಿ ಫ್ರಿಜ್ಜಿನ ಬಾಗಿಲು ತೆಗೆದು ಹಾಕಿದ ಸದ್ದು. ಭಾಜಿ ತರಲು ಹೊರಟವರ ಚೀಲ ಆಗಲೇ ಸ್ವಲ್ಪ ಉಬ್ಬಿತ್ತು. ದಾರಿಯುದ್ದಕ್ಕೂ ನನ್ನ ತೋಳು ಹಿಡಿದುಕೊಂಡು, ಮಳೆನೀರಿನ ಗುಂಡಿಗಳನ್ನು ಬೈದುಕೊಂಡು ನಡೆದರು. ಭಾಜಿಯವರ ಸಾಲು ದಾಟಿದರೂ ನಿಲ್ಲಲಿಲ್ಲ.

ಪ್ಲಾಟ್‌ಫಾರ್ಮಿನಲ್ಲಿ ಲೋಕಲ್ ಹೊರಡಲು ಸಿದ್ಧವಾಗಿ ನಿಂತಿತ್ತು. ಲೇಡೀಸ್ ಡಬ್ಬದ ಎದುರಿನ ಬೆಂಚಿನ ಮೇಲೆ ಇಬ್ಬರೂ ಒಂದು ನಿಮಿಷ ಕೂತೆವು. ಕಾಕು ಎದ್ದರು. "ಚಲ್, ಯೇತೆ", ಬರುತ್ತೇನೆ ಅಂತ ನನ್ನ ಬೆನ್ನು ಸವರಿ, ಹಿಂತಿರುಗಿ ನೋಡದೆ ಮೆಟ್ಟಿಲಿನ ಕಡೆ ನಡೆದರು. ಅವರು ಕೂತಿದ್ದ ಜಾಗದಲ್ಲಿ ಕರವಸ್ತ್ರದಲ್ಲಿ ಸುತ್ತಿದ ಪುಟ್ಟ ಸ್ಟೀಲ್ ಡಬ್ಬಿ ಇತ್ತು.

ನಾನು ಆ ಕಡೆ ಈ ಕಡೆ ನೋಡಿದೆ. ಯಾರದೋ ಸಾಮಾನು ಕದಿಯುವವಳ ಹಾಗೆ ಡಬ್ಬಿ ತೆಗೆದು ಸೆರಗಿನೊಳಗೆ ಮುಚ್ಚಿಕೊಂಡು ಓಡಿಹೋಗಿ ಗಾಡಿ ಹತ್ತಿ ಕಿಟಕಿಯ ಪಕ್ಕ ಕೂತೆ. ಡಬ್ಬಿ ಮಡಿಲಲ್ಲಿ ತಣ್ಣಗೆ ಕೂತಿತು. ಪಕ್ಕದ ಹುಡುಗಿ ನನ್ನ ಮುಖ ನೋಡಿ "ಆಂಟಿ, ತಬಿಯತ್ ಠೀಕ್ ಹೈ ನಾ?" ಅಂತ ಆರೋಗ್ಯ ವಿಚಾರಿಸಿದಳು. ತಲೆ ಆಡಿಸಿದೆ.

ಗಾಡಿ ಅಲುಗಿತು. ಆಗ ಕಿಟಕಿಯ ಹೊರಗಿನಿಂದ, ಇಡೀ ಪ್ಲಾಟ್‌ಫಾರ್ಮಿಗೆ ಕೇಳುವ ಹಾಗೆ ಕೂಗು. ಕಾಕು ಹೋಗಿರಲೇ ಇಲ್ಲ. ಕಂಬದ ಮರೆಯಲ್ಲಿ ನಿಂತು ನೋಡುತ್ತಿದ್ದವರು, ಗಾಡಿ ಹೊರಟೊಡನೆ ಕೊಡಲಿಲ್ಲ ಇಸಕೊಳ್ಳಲಿಲ್ಲ ಅನ್ನುವುದನ್ನೆಲ್ಲ ಮರೆತು, ನೋಯುವ ಮಂಡಿ ಎಳೆದುಕೊಂಡು ಕಿಟಕಿಯ ಪಕ್ಕ ಬರುತ್ತಿದ್ದರು.

"ಶೈಲಾ! ಅಗ, ಡಬಾ ಪರತ್ ಘೇಊನ್ ಯೇ! ನಕ್ಕಿ ಯೇ!" ಡಬ್ಬಿ ವಾಪಸ್ ತಗೊಂಡು ಬಾ, ಖಂಡಿತ ಬಾ, ಅಂತ.

ಕಂಬಿಗೆ ಮುಖ ಒತ್ತಿ ನಾನೂ ಕೂಗಿದೆ. "ತರ್ತೀನಿ ಕಾಕು! ಬರ್ತೀನಿ!" ಕನ್ನಡದಲ್ಲೇ ಕೂಗಿದೆ. ಅವರಿಗೆ ಅರ್ಥವಾಯಿತು.